ಮುಖ ಒಬ್ಬರದು, ದನಿ ಇನ್ನೊಬ್ಬರದು: ಹಿಂದಿ ಚಿತ್ರನಟಿಯರ ಚರಿತ್ರೆಯ ಒಂದು ಎಳೆ

ಹಿಂದಿ ಚಿತ್ರರಂಗದ ನಟಿಯರ ಚರಿತ್ರೆಯನ್ನು ರೂಪ ಮತ್ತು ಪಾತ್ರಗಳ ನೆಲೆಯಿಂದ ಬರೆಯುವುದೇ ರೂಢಿಯಾಗಿದ್ದರೂ, ಯಾರು ನಾಯಕಿಯಾಗಬಹುದೆಂಬುದನ್ನು ಹಲವು ಘಟ್ಟಗಳಲ್ಲಿ ನಿರ್ಧರಿಸಿದ್ದು ಧ್ವನಿಯ ತಂತ್ರಜ್ಞಾನ. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯ ವೇಷವನ್ನು ಅಣ್ಣಾ ಸಾಳುಂಕೆ ಎಂಬ ಪುರುಷನೇ ಕಟ್ಟಬೇಕಾಯಿತು; ಅದೇ ವರ್ಷದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು. ಮೇಲ್ವರ್ಗದ ಮನೆತನಗಳು ಹೆಣ್ಣುಮಕ್ಕಳನ್ನು ಬಣ್ಣದ ಲೋಕಕ್ಕೆ ಕಳಿಸಲೊಪ್ಪದ ಮೂಕಿಚಿತ್ರಗಳ ಕಾಲದಲ್ಲಿ ಆಂಗ್ಲೋ-ಇಂಡಿಯನ್ ಮತ್ತು ಯಹೂದಿ ಯುವತಿಯರು ಮುಂದೆ ಬಂದರು. ಟೆಲಿಫೋನ್ ಆಪರೇಟರ್ ಆಗಿದ್ದ ರೂಬಿ ಮೈಯರ್ಸ್ ‘ಸುಲೋಚನಾ’ ಎಂಬ ಹೆಸರಿನಲ್ಲಿ ಬಹುದೊಡ್ಡ ತಾರೆಯಾದರು. ತೆರೆ ಮಾತಾಡದಿದ್ದುದರಿಂದ ಅವರ ಭಾಷೆ ಯಾವುದೆಂದು ಯಾರೂ ಕೇಳಲಿಲ್ಲ.

1931ರಲ್ಲಿ ಮೊದಲ ಮಾತಿನ ಚಿತ್ರ ‘ಆಲಂ ಆರಾ’ದೊಂದಿಗೆ ಆ ಪ್ರಶ್ನೆ ಎದ್ದಿತು. ಹಿಂದುಸ್ತಾನಿ ಕಲಿಯಲು ಸುಲೋಚನಾ ಕೆಲಕಾಲ ತೆರೆಯಿಂದ ದೂರ ಉಳಿಯಬೇಕಾದರೆ, ಹಾಡಿನ ಪರಂಪರೆಯಿಂದ ಬಂದ ಜದ್ದನಬಾಯಿಯಂಥವರಿಗೆ ಸ್ಟುಡಿಯೋದ ಬಾಗಿಲು ತೆರೆಯಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಹಾಗೂ ಶಾಂತಾರಾಂ ಅವರ ‘ಆದ್ಮಿ’ಯ (1939) ಶಾಂತಾ ಹುಬ್ಳೀಕರ್, ನಟನೆ ಮತ್ತು ಗಾಯನಗಳೆರಡನ್ನೂ ಬಲ್ಲವರಿಗೇ ಮನ್ನಣೆಯಿದ್ದ ಈ ಕಾಲದವರೇ.

ನೇಪಥ್ಯಗಾಯನ, ಅಂದರೆ ಮೊದಲೇ ಧ್ವನಿಮುದ್ರಿಸಿದ ಬೇರೊಬ್ಬರ ಹಾಡಿಗೆ ನಟಿ ತುಟಿಯಾಡಿಸುವ ಪದ್ಧತಿ, 1935ರ ‘ಧೂಪ್ ಛಾಂವ್’ನಿಂದ ಬಳಕೆಗೆ ಬಂದು ಈ ಜೋಡಿಯನ್ನು ಮೆಲ್ಲಗೆ ಬಿಡಿಸಿತು. ‘ಮಹಲ್’ (1949) ಚಿತ್ರದಲ್ಲಿ ಮಧುಬಾಲಾ ಅವರಿಗಾಗಿ ಲತಾ ಮಂಗೇಶ್ಕರ್ ಹಾಡಿದ ಗೀತೆಯ ಮೊದಲ ಧ್ವನಿಮುದ್ರಿಕೆಗಳ ಮೇಲೆ ಗಾಯಕಿಯ ಹೆಸರಿರಲಿಲ್ಲ, ಪಾತ್ರದ ಹೆಸರಾದ ‘ಕಾಮಿನಿ’ ಇತ್ತು. ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದ ಮೇಲೆ ಹಾಡುವ ನಾಯಕಿಯರ ಸಾಲು ಸುರೈಯಾ ಅವರೊಂದಿಗೆ ಮುಗಿಯುತ್ತ ಬಂದಿತು. ಇದನ್ನು ನಷ್ಟವೆಂದಷ್ಟೇ ಎಣಿಸುವುದು ಸರಿಯಲ್ಲ: ಹಾಡುವ ಹೊರೆ ಇಳಿದದ್ದರಿಂದಲೇ ‘ಮದರ್ ಇಂಡಿಯಾ’ದ (1957) ನರ್ಗಿಸ್, ‘ಸಾಹಿಬ್ ಬೀಬಿ ಔರ್ ಗುಲಾಮ್’ನ (1962) ಮೀನಾಕುಮಾರಿ, ‘ಬಂದಿನಿ’ಯ (1963) ನೂತನ್ ಮುಂತಾದವರಲ್ಲಿ ಅಭಿನಯವೇ ಅಳತೆಗೋಲಾಯಿತು, ವೈಜಯಂತಿಮಾಲಾ, ವಹೀದಾ ರೆಹಮಾನ್, ಬಿ. ಸರೋಜಾದೇವಿಯವರಂಥ ದಕ್ಷಿಣದ ಕಲಾವಿದೆಯರಿಗೂ ದಾರಿಯಾಯಿತು.

ಹೊರಾಂಗಣ ಚಿತ್ರೀಕರಣ ಹೆಚ್ಚಿ, ಹಗುರವಾದರೂ ಸದ್ದುಮಾಡುವ ಕ್ಯಾಮೆರಾಗಳು ಬಂದ ಎಪ್ಪತ್ತರ ದಶಕದ ಹೊತ್ತಿಗೆ, ಸಂಭಾಷಣೆಯನ್ನೂ ನಂತರ ಸ್ಟುಡಿಯೋದಲ್ಲಿ ಕೂಡಿಸುವ ಡಬ್ಬಿಂಗ್ ವಾಡಿಕೆಯಾಗಿ, ಹಾಡಿನ ಜೊತೆಗೆ ಮಾತೂ ಎರವಲಾಗಲು ಅವಕಾಶವಾಯಿತು. ‘ಜಂಜೀರ್’ (1973) ನಂತರ ಕೋಪೋದ್ರಿಕ್ತ ನಾಯಕನ ಮುಂದೆ ನಾಯಕಿಯ ಪಾತ್ರ ಕಿರಿದಾಗುತ್ತ ಹೋದದ್ದೂ ಇದೇ ಕಾಲದಲ್ಲಿ. ಶಬಾನಾ ಆಜ್ಮಿ ಅವರ ‘ಅಂಕುರ್’ (1974) ಮತ್ತು ಹಂಸಾ ವಾಡ್ಕರ್ ಎಂಬ ಹಿಂದಿನ ತಲೆಮಾರಿನ ನಟಿಯ ಆತ್ಮಕಥೆಯನ್ನು ಆಧರಿಸಿ ಸ್ಮಿತಾ ಪಾಟೀಲ್ ನಟಿಸಿದ ‘ಭೂಮಿಕಾ’ (1977) ಈ ಪ್ರವಾಹಕ್ಕೆ ಎದುರಾಗಿ ಈಜಿದವು. ಜನಪ್ರಿಯ ಚಿತ್ರಗಳಲ್ಲಾದರೋ ಶ್ರೀದೇವಿಯವರ ಮಾತನ್ನು ಹಲವು ವರ್ಷ ಬೇರೆಯವರೇ ಆಡಿದರು. ‘ಆಖ್ರೀ ರಾಸ್ತಾ’ದಲ್ಲಿ (1986) ಅವರಿಗೆ ದನಿ ಕೊಟ್ಟವರು ರೇಖಾ. ಶ್ರೀದೇವಿಯವರ ಸ್ವಂತ ದನಿ ಹಿಂದಿ ಪ್ರೇಕ್ಷಕರಿಗೆ ಕೇಳಿಸಿದ್ದು ‘ಚಾಂದನಿ’ಯಲ್ಲಿ (1989).

ಚಿತ್ರೀಕರಣದ ಸ್ಥಳದಲ್ಲೇ ಮಾತನ್ನು ಮುದ್ರಿಸುವ ಕ್ರಮ ‘ಲಗಾನ್’ (2001) ನಂತರ ಮತ್ತೆ ಬೇರೂರಿದರೂ ಎರವಲು ದನಿ ತೀರಾ ಮರೆಯಾಗಲಿಲ್ಲ. ಕನ್ನಡದ ‘ಐಶ್ವರ್ಯ’ದಲ್ಲಿ (2006) ಮೊದಲು ನಟಿಸಿದ ದೀಪಿಕಾ ಪಡುಕೋಣೆಯವರ ಮೊದಲ ಹಿಂದಿ ಚಿತ್ರ ‘ಓಂ ಶಾಂತಿ ಓಂ’ನಲ್ಲಿ (2007) ಸಂಭಾಷಣೆ ಹೇಳಿದವರು ಡಬ್ಬಿಂಗ್ ಕಲಾವಿದೆ ಮೋನಾ ಘೋಷ್ ಶೆಟ್ಟಿ. ಆ ಪಾತ್ರಕ್ಕಾಗಿ ದೀಪಿಕಾ ಫಿಲ್ಮ್‌ಫೇರ್‌ನ ಹೊಸ ನಟಿ ಪ್ರಶಸ್ತಿ ಪಡೆದರು. ಡಬ್ಬಿಂಗ್‌ಗೆ ಅಲ್ಲಿ ಪ್ರಶಸ್ತಿಯ ವಿಭಾಗವೇ ಇರಲಿಲ್ಲ.