ಕಲ್ನಾರಿನ ಧೂಳೂ ಗೃಹಿಣಿಯರ ಶ್ವಾಸಕೋಶರೋಗವೂ

ಕಲ್ನಾರಿನ ಕಾರ್ಖಾನೆಗಳಲ್ಲಿ ದುಡಿಯತಕ್ಕವರ ಶ್ವಾಸಕೋಶಗಳು ಧೂಳಿನಿಂದ ಗಡಸುಗೊಳ್ಳುವುವೆಂದು ಮೆರೆವೆದರ್ ಮತ್ತು ಪ್ರೈಸ್ ಎಂಬವರು 1930ರಲ್ಲಿಯೇ ಬ್ರಿಟಿಷ್ ಸರ್ಕಾರಕ್ಕೆ ವರದಿಯನ್ನೊಪ್ಪಿಸಿದರು. ಮರುವರ್ಷವೇ ನಿಯಮಾವಳಿಯೂ ರಚಿತವಾಯಿತು. ಆದರೆ ಆ ನಿಯಮಗಳ ದೃಷ್ಟಿ ಕಾರ್ಖಾನೆಯ ಗೋಡೆಯನ್ನು ದಾಟಲಿಲ್ಲ. ಸಂಜೆ ಮನೆಗೆ ಮರಳುವ ಕಾರ್ಮಿಕನ ಉಡುಪಿನಲ್ಲಿ, ಕೂದಲಿನಲ್ಲಿ, ಪಾದರಕ್ಷೆಗಳಲ್ಲಿ ಅಡಗಿದ್ದ ಎಳೆಗಳ ಗತಿಯೇನೆಂಬುದನ್ನು ಯಾರೂ ವಿಚಾರಿಸಲಿಲ್ಲ.

ವಿಚಾರಿಸಿದವರು ಲಂಡನ್ನಿನ ನ್ಯೂಹೌಸ್ ಮತ್ತು ಥಾಮ್ಸನ್. ಶ್ವಾಸಕೋಶವನ್ನೂ ಉದರವನ್ನೂ ಆವರಿಸಿರುವ ಪೊರೆಗಳಲ್ಲಿ ಹುಟ್ಟುವ ಮೀಸೋಥೀಲಿಯೋಮಾ ಎಂಬ ದುಷ್ಟಾರ್ಬುದಕ್ಕೆ ತುತ್ತಾದ 76 ಮಂದಿಯ ಜೀವನವೃತ್ತಾಂತವನ್ನು ಕೆದಕಿ ಅವರು 1965ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 31 ಮಂದಿ ಕಲ್ನಾರಿನ ಕೆಲಸವನ್ನು ಸ್ವತಃ ಮಾಡಿದವರಾಗಿದ್ದರೆ, 9 ಮಂದಿ ಅಂತಹ ಕೆಲಸಗಾರರೊಡನೆ ಒಂದೇ ಸೂರಿನಡಿ ಬಾಳಿದವರು ಮಾತ್ರ. ಇವರಲ್ಲಿ ಹೆಚ್ಚಾಗಿ ಕಂಡುಬಂದ ವೃತ್ತಾಂತವೆಂದರೆ, ಗಂಡನ ಕೆಲಸದ ಬಟ್ಟೆಗಳನ್ನು ಹೆಂಡತಿ ಒಗೆಯುತ್ತಿದ್ದುದು.

ಒಗೆಯುವುದಕ್ಕೆ ಮುನ್ನ ಬಟ್ಟೆಯನ್ನು ಕೊಡವುವುದು ಎಲ್ಲೆಡೆಯ ಪದ್ಧತಿ. ಅಪಾಯವಿರುವುದೂ ಆ ಒಣ ಕೊಡವುವಿಕೆಯಲ್ಲಿಯೇ. ಕಲ್ನಾರಿನ ಎಳೆಗಳು ಉದ್ದುದ್ದನಾಗಿ ಸೀಳಿ, ಕಣ್ಣಿಗೆ ಕಾಣದಷ್ಟು ತೆಳುವಾಗಿ ಗಾಳಿಯಲ್ಲಿ ತೇಲುತ್ತ, ನೆಲದ ಮೇಲೂ ಹಾಸಿಗೆಯ ಮೇಲೂ ಕುಳಿತು, ಗುಡಿಸಿದಾಗಲೆಲ್ಲ ಮತ್ತೆ ಮೇಲೇಳುವುವು. ಉಸಿರಿನೊಡನೆ ಒಳಹೊಕ್ಕ ಉದ್ದನೆಯ ಎಳೆಗಳನ್ನು ದೇಹದ ರಕ್ಷಕಕಣಗಳು ನುಂಗಿ ಜೀರ್ಣಿಸಿಕೊಳ್ಳಲಾರವು. ಶ್ವಾಸಕೋಶ ಗಡಸಾಗಲು ಸಾಮಾನ್ಯವಾಗಿ ಬಹುಪ್ರಮಾಣದ ಧೂಳು ಬೇಕು. ಅರ್ಬುದಕ್ಕಾದರೋ, ಅದಕ್ಕಿಂತ ಬಹು ಕಡಿಮೆಯೂ ಸಾಕಾಗಬಹುದು. ಅದು ತಲೆದೋರುವುದು ಮೂವತ್ತು, ನಾಲ್ವತ್ತು ವರ್ಷಗಳ ತರುವಾಯ.

ಅಮೆರಿಕದ ನ್ಯೂಜರ್ಸಿಯ ಪ್ಯಾಟರ್‌ಸನ್ ಪಟ್ಟಣದಲ್ಲಿ 1941ರಿಂದ 1954ರವರೆಗೆ ನಡೆದು ನಿಂತುಹೋದ ಕಲ್ನಾರಿನ ಕಾರ್ಖಾನೆಯೊಂದರ ಕಾರ್ಮಿಕರ ಕುಟುಂಬಗಳನ್ನು ಸೆಲಿಕಾಫ್ ಎಂಬ ವೈದ್ಯರ ತಂಡ ಎಪ್ಪತ್ತರ ದಶಕದಲ್ಲಿ ಪರೀಕ್ಷಿಸಿದಾಗ, ಮನೆಮಂದಿಯಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರ ಎದೆಯ ಕ್ಷಕಿರಣಚಿತ್ರಗಳಲ್ಲಿ ವಿಕಾರಗಳು ಗೋಚರಿಸಿದುವು.

ರೋಗಿಯ ಉದ್ಯೋಗವನ್ನು ಕೇಳಿ 'ಗೃಹಿಣಿ' ಎಂದು ಬರೆದುಕೊಂಡು ಮುಂದೆ ಸಾಗುವ ವೈದ್ಯನು ರೋಗಕಾರಣವನ್ನು ಕೈಯಾರೆ ಮುಚ್ಚಿಡುತ್ತಾನೆಂದೇ ನನ್ನ ದೃಢಾಭಿಪ್ರಾಯ. ಆಕೆಯ ತಂದೆ ಏನು ಮಾಡುತ್ತಿದ್ದನು, ಗಂಡನು ಎಲ್ಲಿ ದುಡಿದನು, ಅವರ ಬಟ್ಟೆಗಳನ್ನು ಒಗೆದವರಾರು ಎಂಬ ಪ್ರಶ್ನೆಗಳನ್ನು ಬಾಲ್ಯದಿಂದ ಮೊದಲ್ಗೊಂಡು ಕೇಳಬೇಕು. ಏಕೆಂದರೆ ಕೂಲಿಯಿಲ್ಲದೆ, ರಕ್ಷಣೆಯಿಲ್ಲದೆ ಆಕೆ ನಡೆಯಿಸಿದುದು ಕಾರ್ಖಾನೆಯದೇ ಕೆಲಸದ ಒಂದು ಭಾಗ. ಉಡುಪು ಬದಲಿಸುವ ಕೋಣೆ, ಮನೆಯ ಬಟ್ಟೆಗೂ ಕೆಲಸದ ಬಟ್ಟೆಗೂ ಬೇರೆಬೇರೆ ಕಪಾಟು, ಧೂಳೇಳದಂತೆ ಒಗೆಯಿಸುವ ಹೊಣೆ ಇವೆಲ್ಲ ಮಾಲಿಕನವೇ ಎಂದು ಅಮೆರಿಕದ ನಿಯಮಾವಳಿ ವಿಧಿಸಿದುದು 1972ರಲ್ಲಿ.