ತೈಲವರ್ಣಕ್ಕೆ ಯಾವ ಎಣ್ಣೆ? ಕರಾವಳಿಯ ತೇವದಲ್ಲಿ ಮಾಧ್ಯಮದ ಆಯ್ಕೆ

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ.ಕೆ. ಹೆಬ್ಬಾರರು ತೈಲವರ್ಣ ಚಿತ್ರಗಳಿಂದ ದೇಶವಿದೇಶಗಳಲ್ಲಿ ಹೆಸರಾದರು. ಅವರ ಹುಟ್ಟೂರಿನ ಸೀಮೆಯ ಹವೆ ಮಾತ್ರ ಈ ಪ್ರಕಾರಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಕೋಟೇಶ್ವರದಂತಹ ಕಡಲಂಚಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತುಂಬ ತೇವ. ಬಣ್ಣವನ್ನು ತೆಳುವಾಗಿಸಲು ಬೆರೆಸುವ ದ್ರವವೇ ಮಾಧ್ಯಮ. ಅದರ ಆಯ್ಕೆ ತಪ್ಪಿದರೆ ಚಿತ್ರ ತಿಂಗಳುಗಟ್ಟಲೆ ಅಂಟಂಟಾಗಿ ಉಳಿಯುತ್ತದೆ, ಇಲ್ಲವೇ ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತದೆ.

ಒಣಗುವ ಎಣ್ಣೆ, ಒಣಗದ ಎಣ್ಣೆ

ಜಲವರ್ಣದಲ್ಲಿ ನೀರು ಆವಿಯಾದರೆ ಬಣ್ಣ ಒಣಗಿತು. ತೈಲವರ್ಣ ಹಾಗಲ್ಲ. ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿ ಪೊರೆಯಾಗುತ್ತದೆ. ಈ ಗುಣ ಎಲ್ಲ ಎಣ್ಣೆಗಳಿಗಿಲ್ಲ. ಕರಾವಳಿಯ ಮನೆಮನೆಯಲ್ಲಿರುವ ತೆಂಗಿನೆಣ್ಣೆ ಎಂದಿಗೂ ಹೀಗೆ ಒಣಗದು.

ಉತ್ತರ ಕರ್ನಾಟಕದ ಕಪ್ಪು ನೆಲದಲ್ಲಿ ಬೆಳೆಯುವ ಅಗಸೆ ಮತ್ತು ಕುಸುಬೆ ಚಿತ್ರಕಾರರಿಗೆ ಒದಗುವ ಬೆಳೆಗಳು. ಅಗಸೆ ಎಣ್ಣೆಯ ಪೊರೆ ಬಲವಾದುದು, ಆದರೆ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಕುಸುಬೆ ಎಣ್ಣೆ ಅಷ್ಟು ಹಳದಿಯಾಗದು. ಆದ್ದರಿಂದ ಬಿಳಿ ಮತ್ತು ತಿಳಿ ಬಣ್ಣಗಳಿಗೆ ಸೂಕ್ತ. ಆದರೆ ಅದು ನಿಧಾನವಾಗಿ ಒಣಗುವುದರಿಂದ ಅಡಿ ಪದರಕ್ಕೆ ಸಲ್ಲದು. ಎರಡನ್ನೂ ಕಲಾ ಸಾಮಗ್ರಿಯ ಅಂಗಡಿಯಲ್ಲೇ ಕೊಳ್ಳುವುದು ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯ ‘ಡಬಲ್ ಬಾಯ್ಲ್ಡ್’ ಅಗಸೆ ಎಣ್ಣೆ ಮರಗೆಲಸಕ್ಕೆ ತಯಾರಾದುದು. ಅದು ಚಿತ್ರವನ್ನು ಕಪ್ಪಾಗಿಸಬಲ್ಲದು. ಡಮ್ಮರ್ ರಾಳ ಬಳಸುವವರು ಮರದ ಅಂಟಿನಿಂದ ಬರುವ ಟರ್ಪೆಂಟೈನನ್ನೇ ಆರಿಸಬೇಕು. ಮಿನರಲ್ ಟರ್ಪೆಂಟೈನಿನಲ್ಲಿ ಆ ರಾಳ ಸರಿಯಾಗಿ ಕರಗದು.

ಪದರಗಳ ಕ್ರಮ

ಮೊದಲ ಪದರದ ಬಣ್ಣಕ್ಕೆ ಸ್ವಲ್ಪ ಟರ್ಪೆಂಟೈನ್ ಮಾತ್ರ ಸಾಕು. ಎರಡನೆಯದಕ್ಕೆ ಎಣ್ಣೆ ಮತ್ತು ಟರ್ಪೆಂಟೈನನ್ನು ಸಮಪಾಲಿನಲ್ಲಿ ಬೆರೆಸಬಹುದು. ಮೇಲಿನ ಪದರಗಳಲ್ಲಿ ಎಣ್ಣೆಯ ಪಾಲು ಹೆಚ್ಚುತ್ತಾ ಹೋಗಬೇಕು. ಎಣ್ಣೆ ಹೆಚ್ಚಿರುವ ಪದರ ತಡವಾಗಿ ಗಟ್ಟಿಯಾಗುತ್ತದೆ. ಅದು ಅಡಿಯಲ್ಲಿದ್ದರೆ, ಬೇಗ ಬಿಗಿದುಕೊಂಡ ಮೇಲ್ಪದರ ಸೀಳುತ್ತದೆ. ಯಾವ ಪದರದಲ್ಲೂ ಮಾಧ್ಯಮ ಬಣ್ಣದ ಕಾಲು ಭಾಗವನ್ನು ಮೀರದಿರುವುದು ಕ್ಷೇಮ.

ಮಳೆಗಾಲದ ಜಾಣತನ

ತೇವದ ದಿನಗಳಲ್ಲಿ ಆಲ್ಕಿಡ್ ಮಾಧ್ಯಮ ನೆರವಾಗುತ್ತದೆ. ತೆಳುವಾಗಿ ಹಚ್ಚಿದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಒಣಗುತ್ತದೆ. ಆದರೆ ಬೇಗ ಒಣಗುವ ಈ ಪದರವನ್ನು ಹಸಿ ಎಣ್ಣೆಯ ಮೇಲೆ ಹಚ್ಚಬಾರದು. ದಪ್ಪ ಪದರಗಳ ದೊಡ್ಡ ಚಿತ್ರವನ್ನು ಕೋಟೇಶ್ವರದ ಕೊಡಿ ಹಬ್ಬದ ಹೊತ್ತಿಗೆ, ಅಂದರೆ ಮಳೆ ಹಿಂದೆ ಸರಿದ ಮೇಲೆ, ಕೈಗೆತ್ತಿಕೊಂಡರೆ ಕೆಲಸ ಸುಗಮ.

ಹೊಸ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಡುವುದೂ ತಪ್ಪು. ಕತ್ತಲೆಯಲ್ಲಿ ಅಗಸೆ ಎಣ್ಣೆ ಬೇಗ ಹಳದಿಯಾಗುತ್ತದೆ, ತೇವದಲ್ಲಿ ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ. ನೇರ ಬಿಸಿಲು ಬೀಳದ, ಬೆಳಕು ಮತ್ತು ಗಾಳಿ ಆಡುವ ಗೋಡೆಯೇ ಉತ್ತಮ. ಸಾಂಪ್ರದಾಯಿಕ ವಾರ್ನಿಷ್ ಬಳಿಯಲು 6ರಿಂದ 12 ತಿಂಗಳು ಕಾಯಬೇಕು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುವುದರಿಂದ ಅಂತಹ ಮುದ್ದೆಗೆ ಕಿಡಿಯ ಹಂಗಿಲ್ಲದೆ ಬೆಂಕಿ ಹತ್ತಬಹುದು. ಬಟ್ಟೆಯನ್ನು ನೀರಿನಲ್ಲಿ ತೋಯಿಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿಡಬೇಕು. ಟರ್ಪೆಂಟೈನ್ ಬಳಸುವಾಗ ಕಿಟಕಿಗಳು ತೆರೆದಿರಲಿ.