ಕಿರಾತಾರ್ಜುನ ಪ್ರಸಂಗ: ಅಸ್ತ್ರಲಾಭವೂ ಅಂತಃಪರಿಪಾಕವೂ

ಅರ್ಜುನನು ಮೊದಲಿನಿಂದ ಕಡೆಯವರೆಗೆ ಒಂದೇ ಸಮನಾದ ವೀರನೆಂದು ಭಾವಿಸುವುದು ರೂಢಿ. ಆದರೆ ಅವನ ಅಸ್ತ್ರಬಲವು ಹಂತಹಂತವಾಗಿ ಬೆಳೆದುದು. ಪ್ರತಿಯೊಂದು ಹಂತವೂ ಅವನ ಮನಸ್ಸಿನ ಒಂದು ಸ್ಥಿತಿಗೆ ಅನುಗುಣವಾಗಿದೆ. ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಂಥ ಊರಿನವರಿಗೆ ಈ ವಿಷಯ ದೂರದ್ದಲ್ಲ. ಒಂದು ಕಡೆ ಕುಮಾರವ್ಯಾಸನ ಗದಗು, ಇನ್ನೊಂದು ಕಡೆ ಮಲಪ್ರಭೆಯ ದಂಡೆಯ ಐಹೊಳೆ ಪಟ್ಟದಕಲ್ಲುಗಳು. ಐಹೊಳೆಯ ಮೇಗುಟಿ ಬಸದಿಯ 634ರ ಶಾಸನದಲ್ಲಿ ರವಿಕೀರ್ತಿಯು ತನ್ನನ್ನು ಕಾಳಿದಾಸನಿಗೂ ‘ಕಿರಾತಾರ್ಜುನೀಯ’ದ ಕವಿ ಭಾರವಿಗೂ ಹೋಲಿಸಿಕೊಂಡಿದ್ದಾನೆ. ಮುಂದಿನ ಶತಮಾನದಲ್ಲಿ ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಗೋಡೆಯ ಮೇಲೆ ಅದೇ ಕಥೆ ಶಿಲ್ಪವಾಯಿತು.

ಕಾವ್ಯನಾಯಕನಿಂದ ಇತಿಹಾಸದ ಅಭ್ಯಾಸಿಗೆ ಏನು ಪ್ರಯೋಜನವೆಂದು ವಿದ್ಯಾರ್ಥಿಗಳು ಕೇಳುವುದುಂಟು. ನಾಯಕನು ಇದ್ದನೇ ಇಲ್ಲವೇ ಎಂಬುದು ಇಲ್ಲಿ ಮುಖ್ಯವಲ್ಲ. ಶಕ್ತಿಯ ಮೂಲ ಯಾವುದೆಂದು ಆಯಾ ಕಾಲದವರು ನಂಬಿದ್ದರು ಎಂಬುದೇ ಮುಖ್ಯ.

ಭಾರವಿಯ ಅರ್ಜುನನು ತಪಸ್ಸಿಗೆ ಕುಳಿತರೂ ಬಿಲ್ಲನ್ನು ಬಿಟ್ಟವನಲ್ಲ. ಮುನಿವೇಷದಿಂದ ಬಂದ ಇಂದ್ರನು ಇದನ್ನು ಆಕ್ಷೇಪಿಸಿದಾಗ, ತನಗೆ ಬೇಕಾದುದು ಸುಖವೂ ಅಲ್ಲ, ಮೋಕ್ಷವೂ ಅಲ್ಲ, ಶತ್ರುಗಳು ಮಾಡಿದ ಅವಮಾನವನ್ನು ತೊಳೆಯುವುದೇ ಎಂದು ಅವನು ಉತ್ತರಿಸುತ್ತಾನೆ. ಹದಿನೆಂಟನೆಯ ಸರ್ಗದಲ್ಲಿ ಮೇಲಕ್ಕೆ ನೆಗೆದ ಶಿವನ ಪಾದಗಳನ್ನು ಅವನು ಹಿಡಿಯುವುದು ಕಾಳಗದ ಪಟ್ಟಾಗಿಯೇ ಹೊರತು ಭಕ್ತಿಯಿಂದಲ್ಲ. ಶಿವನು ಮೆಚ್ಚುವುದೂ ಆ ಸಾಹಸವನ್ನೇ. ದಂಡಯಾತ್ರೆಗಳ ಆ ಯುಗಕ್ಕೆ ಇಂಥ ನಾಯಕನು ಪ್ರಿಯನಾದುದು ಸಹಜ.

ವ್ಯಾಸಭಾರತದ ವನಪರ್ವದಲ್ಲಿ ಕಥೆಯ ಗತಿ ಬೇರೆ. ಅಲ್ಲಿ ಅಕ್ಷಯವೆನಿಸಿದ ಬತ್ತಳಿಕೆಗಳು ಬರಿದಾಗುತ್ತವೆ, ಗಾಂಡೀವವನ್ನು ಕಿರಾತನು ಕಸಿದುಕೊಳ್ಳುತ್ತಾನೆ, ಮಲ್ಲಯುದ್ಧದಲ್ಲಿ ಪಾರ್ಥನು ಮೂರ್ಛೆ ಹೋಗುತ್ತಾನೆ. ಎಚ್ಚೆತ್ತು, ಮಣ್ಣಿನಲ್ಲಿ ಶಿವನನ್ನು ಮಾಡಿ ಪೂಜಿಸಿದರೆ, ತಾನು ಏರಿಸಿದ ಹೂಮಾಲೆ ಎದುರಾಳಿಯ ತಲೆಯ ಮೇಲೆಯೇ ಇದೆ! ಪಾಶುಪತವು ದೊರೆಯುವುದು ಈ ಗುರುತಿನ ಅನಂತರವೇ. ಇದ್ದ ಬಲವೆಲ್ಲ ಕಳೆದಲ್ಲದೆ ಹೊಸ ಬಲವು ಬಾರದೆಂಬ ಈ ಕ್ರಮವು, ನನ್ನ ಮಟ್ಟಿಗೆ, ಭಾರವಿಯ ಮುಕ್ತಾಯಕ್ಕಿಂತ ಹೆಚ್ಚು ಆಳವಾದುದು.

941ರ ‘ವಿಕ್ರಮಾರ್ಜುನವಿಜಯ’ದಲ್ಲಿ ಪಂಪನು ಅರ್ಜುನನೊಡನೆ ತನ್ನ ಅರಸು ಇಮ್ಮಡಿ ಅರಿಕೇಸರಿಯನ್ನು ಸಮೀಕರಿಸಿದ್ದಾನೆ; ನಾಯಕನ ಏಳುಬೀಳುಗಳು ಅಲ್ಲಿ ಜೀವಂತ ದೊರೆಯೊಬ್ಬನ ಕೀರ್ತಿಗೂ ಸಂಬಂಧಿಸಿದವು. ಗದುಗಿನ ವೀರನಾರಾಯಣನಿಗೆ ತನ್ನ ಕಾವ್ಯವನ್ನು ಅಂಕಿತಮಾಡಿದ ಕುಮಾರವ್ಯಾಸನಿಗೆ ಈ ಬಂಧನವಿರಲಿಲ್ಲ. ಆದುದರಿಂದಲೇ ಅವನು ಪಾರ್ಥನ ಸೋಲನ್ನು ಸಂಕೋಚವಿಲ್ಲದೆ ಹೇಳಬಲ್ಲವನಾದನು. ಸೋಲಿನಲ್ಲಿ ಭಕ್ತನು ಹುಟ್ಟುತ್ತಾನೆಂಬ ಅರಿವು ಕೇಳುಗರಿಗೂ ಇತ್ತು.

ಅಸ್ತ್ರವನ್ನು ಪಡೆದ ಮೇಲಿನ ಪರೀಕ್ಷೆ ಇನ್ನೂ ಕಠಿಣ. ಇಂದ್ರಲೋಕದಲ್ಲಿ ಊರ್ವಶಿಯನ್ನು ನಿರಾಕರಿಸಿ ಅವನು ಶಾಪಗ್ರಸ್ತನಾಗುತ್ತಾನೆ; ಆ ಶಾಪವೇ ಬೃಹನ್ನಳೆಯ ವೇಷವಾಗಿ ಒಂದು ವರ್ಷ ಅವನನ್ನು ಕಾಯುತ್ತದೆ. ದ್ರೌಪದಿಯ ಮಾನಭಂಗಕ್ಕೆ ಕುದಿದವನು ವಿರಾಟನ ಅಂತಃಪುರದಲ್ಲಿ ನಾಟ್ಯವನ್ನು ಕಲಿಸುತ್ತ ಕಾಯಬಲ್ಲವನಾದನು. ವನಪರ್ವದಲ್ಲಿಯೇ ಇನ್ನೊಂದು ಚಿಕ್ಕ ಸಂಗತಿಯಿದೆ. ಅಣ್ಣನ ಅಪೇಕ್ಷೆಯಂತೆ ದಿವ್ಯಾಸ್ತ್ರಗಳನ್ನು ತೋರಿಸಲು ಹೊರಟಾಗ ಭೂಮಿ ನಡುಗುತ್ತದೆ. ಗುರಿಯಿಲ್ಲದೆ ಅವನ್ನು ಪ್ರಯೋಗಿಸಬಾರದೆಂದು ನಾರದನು ತಡೆಯುತ್ತಾನೆ. ಅರ್ಜುನನು ಮರುಮಾತಿಲ್ಲದೆ ನಿಲ್ಲುತ್ತಾನೆ.

ಈ ಬೆಳವಣಿಗೆಯ ಇಳಿಮುಖವು ಮೌಸಲಪರ್ವದಲ್ಲಿದೆ. ಕೃಷ್ಣನು ಅಗಲಿದ ಮೇಲೆ, ಯಾದವಸ್ತ್ರೀಯರನ್ನು ಕರೆದೊಯ್ಯುವ ದಾರಿಯಲ್ಲಿ ದರೋಡೆಗಾರರು ಮೇಲೆಬಿದ್ದಾಗ, ಗಾಂಡೀವವನ್ನು ಹೆದೆಯೇರಿಸುವುದೇ ಅವನಿಗೆ ಪ್ರಯಾಸವಾಗುತ್ತದೆ. ಅಸ್ತ್ರಗಳು ನೆನಪಿಗೇ ಬಾರವು. ಕುಮಾರವ್ಯಾಸನು ಈ ಭಾಗದವರೆಗೆ ಬರಲಿಲ್ಲ. ಅವನ ಕಾವ್ಯವು ಗದಾಪರ್ವದೊಂದಿಗೆ, ಹತ್ತು ಪರ್ವಗಳಿಗೆ ನಿಂತಿತು; ಉಳಿದ ಪರ್ವಗಳ ಕಥೆಯನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಕನ್ನಡಕ್ಕೆ ತಂದನು.